ಡಿ7500ಗೆ ದೊಡ್ಡ ಜೂಮ್: ನಿಕಾನ್ 200-500 ಸಾಕೋ, ಸಿಗ್ಮಾ–ಟ್ಯಾಮ್ರಾನ್ 150-600 ಬೇಕೋ?

ಸಿದ್ದಾಪುರ ತೋಟ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ7500 ಕ್ಯಾಮೆರಾ ಬಾಡಿ ಇದೆ, ಜೊತೆಗೆ 18-140 ಮತ್ತು ಒಂದು 70-300 ಲೆನ್ಸ್ (ಇವು ಮಿಮೀ ಲೆಕ್ಕದ ಫೋಕಲ್ ಲೆಂತ್, ಅಂಕಿ ಹೆಚ್ಚಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತೆ). ನಮ್ಮ ತೋಟದ ಅಂಚಿನಲ್ಲಿ ದೊಡ್ಡ ಅತ್ತಿಮರ ಇದೆ. ಅದು ಹಣ್ಣಾದಾಗ ಮಂಗಟ್ಟೆ, ಕುಟ್ರು, ಭೀಮರಾಜ, ಕೆಂಚಳಿಲು ಎಲ್ಲ ಅಲ್ಲೇ. ದುಬಾರೆ ಕಡೆ ಹೊಳೆಯಲ್ಲಿ ನೀರುನಾಯಿ ಗುಂಪೂ ಕಾಣುತ್ತೆ. 300ರಲ್ಲಿ ತೆಗೆದರೆ ಹಕ್ಕಿ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ. ಕ್ರಾಪ್ ಮಾಡಿದರೆ ಏನೂ ಉಳಿಯಲ್ಲ.

ಈ ಸಲ ಕಾಫಿ ದುಡ್ಡು ಬಂದಿದೆ, ಮನೆಯಲ್ಲೂ ಒಪ್ಪಿದ್ದಾರೆ. ಮೂರು ಲೆನ್ಸ್ ನೋಡಿಟ್ಟಿದ್ದೀನಿ: ನಿಕಾನ್ 200-500 ಎಫ್ 5.6, ಸಿಗ್ಮಾ 150-600 ಕಾಂಟೆಂಪರರಿ, ಟ್ಯಾಮ್ರಾನ್ 150-600 ಜಿ2. ಅಂಗಡಿಯವರು "ಒರಿಜಿನಲ್ಲೇ ತಗೊಳ್ಳಿ ಮೇಡಂ" ಅಂತಾರೆ. ಅಣ್ಣನ ಸ್ನೇಹಿತರು "ಹೆಸರಿಗೆ ಯಾಕೆ ದುಡ್ಡು ಕೊಡ್ತೀರ" ಅಂತಾರೆ. ನನಗೆ ಬೇಕಾಗಿರೋದು ಇಷ್ಟು: ತೋಟದ ನೆರಳಲ್ಲಿ ಕೆಲಸ ಮಾಡಬೇಕು, ಕೈಯಲ್ಲಿ ಹಿಡಿದು ನಡೆಯೋಕೆ ಆಗಬೇಕು, ಮಳೆಗಾಲ ದಾಟಬೇಕು. ಬಳಸಿದವರು ದಯವಿಟ್ಟು ಹೇಳಿ.

ಗೋಣಿಕೊಪ್ಪ ಸ್ಟುಡಿಯೋ

ಮೇಡಂ, ಕಣ್ಣು ಮುಚ್ಚಿ 200-500 ತಗೊಳ್ಳಿ. ಎರಡೇ ಕಾರಣ ಹೇಳ್ತೀನಿ. ಮೊದಲನೆಯದು, 200ರಿಂದ 500ರವರೆಗೂ ಎಫ್ 5.6 (ಬೆಳಕು ಬಿಡೋ ಕಂಡಿಯ ಅಳತೆ, ಅಂಕಿ ಹೆಚ್ಚಾದಷ್ಟು ಬೆಳಕು ಕಡಿಮೆ) ಹಾಗೇ ಇರುತ್ತೆ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರೋ ಕ್ಯಾಮೆರಾದ) ಫೋಕಸ್ ಸೆನ್ಸರ್ ಮುಖ್ಯವಾಗಿ ಎಫ್ 5.6 ಲೆಕ್ಕದಲ್ಲೇ ಮಾಡಿರೋದು. 600ರ ತುದಿಯಲ್ಲಿ ಸಿಗ್ಮಾ, ಟ್ಯಾಮ್ರಾನ್ ಎರಡೂ 6.3ಕ್ಕೆ ಇಳಿಯುತ್ತವೆ. ಎರಡನೆಯದು, ನಾಳೆ ಬಾಡಿ ಬದಲಾಯಿಸಿದರೆ ನಿಕಾನ್ ಲೆನ್ಸ್ ನಿಕಾನ್ ಬಾಡಿ ಮೇಲೆ ನಡೆದೇ ನಡೆಯುತ್ತೆ. ನನ್ನದು ದುಡಿಯೋ ಕ್ಯಾಮೆರಾ. ಮದುವೆ ಮನೆಯಲ್ಲೋ ಹಾಕಿ ಮೈದಾನದಲ್ಲೋ ಲೆನ್ಸ್ ಕೈಕೊಟ್ಟರೆ ಆ ಕ್ಷಣ ಮತ್ತೆ ಸಿಗಲ್ಲ. ಅದಕ್ಕೇ ನಾನು ಬ್ರ್ಯಾಂಡ್ ಬಿಟ್ಟು ಹೋಗಲ್ಲ. ಮಾರುವಾಗಲೂ ಒಳ್ಳೆ ಬೆಲೆ ಬರುತ್ತೆ.

ಕಕ್ಕಬ್ಬೆ ಮಂಗಟ್ಟೆ

ಸ್ಟುಡಿಯೋ ಅಣ್ಣ ಹೇಳಿದ್ದರಲ್ಲಿ ಸತ್ಯ ಇದೆ, ಆದರೆ 5.6 ಮತ್ತು 6.3ರ ಅಂತರ ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ. ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು). 5.6ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಬೇಕಾದ ಕಡೆ 6.3ರಲ್ಲಿ 4000 ಬೇಕು. ಡಿ7500ರ ಫೈಲಿನಲ್ಲಿ ಈ ಎರಡನ್ನು ಪಕ್ಕಪಕ್ಕ ಇಟ್ಟರೂ ಬೇರೆ ಅಂತ ಹೇಳೋದು ಕಷ್ಟ. ಎಫ್ 8ಕ್ಕೆ ಹೋದರೆ ಮಾತು ಬೇರೆ, ಅಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತೆ, ಐಎಸ್‌ಒ 6400 ಆಗುತ್ತೆ.

ಇನ್ನು 500 ಮತ್ತು 600. ಡಿ7500ರ ಸೆನ್ಸರ್ ಅಗಲ 23.5 ಮಿಮೀ. ಹಕ್ಕಿ 20 ಮೀಟರ್ ದೂರದಲ್ಲಿ ಕೂತಿದೆ ಅಂದುಕೊಳ್ಳಿ. 500ರಲ್ಲಿ ಚೌಕಟ್ಟಿನ ಅಗಲ ಸುಮಾರು 94 ಸೆಂಟಿಮೀಟರ್, 600ರಲ್ಲಿ 78. ದೊಡ್ಡ ಮಂಗಟ್ಟೆ ಕೊಕ್ಕಿನಿಂದ ಬಾಲದ ತುದಿಗೆ ಒಂದು ಮೀಟರ್ ಆಸುಪಾಸು. ಅಂದರೆ ಅಡ್ಡ ಕೂತರೆ ಎರಡರಲ್ಲೂ ಪೂರ್ತಿ ಹಿಡಿಸಲ್ಲ! ತೋಟದಲ್ಲಿ ಸಾಮಾನ್ಯವಾಗಿ ಸಿಗೋ ಬೂದು ಮಂಗಟ್ಟೆ ಅದರ ಅರ್ಧದಷ್ಟಿರುತ್ತೆ, ಅದು ಎರಡರಲ್ಲೂ ಚೆನ್ನಾಗಿ ಕೂರುತ್ತೆ. ಹಾಗಾಗಿ 600 ಇಲ್ಲದಿದ್ದರೆ ಆಗಲ್ಲ ಅನ್ನೋದು ಅತ್ತಿಮರದ ಮಟ್ಟಿಗೆ ನಿಜ ಅಲ್ಲ. ಹೊಳೆ ಆಚೆ ದಡದ ನೀರುನಾಯಿಗೆ 600 ಬೇಕಾಗುತ್ತೆ, ಅಲ್ಲಿ ಹತ್ತಿರ ಹೋಗೋಕೆ ಜಾಗವೇ ಇಲ್ಲ.

ಈ ಮೂರರಲ್ಲೂ ಮುಂದಿನ ಗಾಜು ದೊಡ್ಡದಿರೋದಕ್ಕೆ ಕಾರಣವೂ ಇದೇ ಲೆಕ್ಕ. 600 ಭಾಗಿಸು 6.3 ಅಂದರೆ 95 ಮಿಮೀ. ಅದಕ್ಕೇ ಸಿಗ್ಮಾಗೂ ಟ್ಯಾಮ್ರಾನ್‌ಗೂ 95ರ ಫಿಲ್ಟರ್. ಬ್ರ್ಯಾಂಡ್ ಯಾವುದಾದರೂ ಈ ಗಾಜನ್ನು ಚಿಕ್ಕದು ಮಾಡೋಕೆ ಬರಲ್ಲ. ಎಫ್ 4 ಬೇಕು ಅಂದರೆ 150 ಮಿಮೀ ಗಾಜು, ಅದರ ಬೆಲೆ ನಮ್ಮ ಕೈಗೆ ಎಟುಕಲ್ಲ.

ನನ್ನ ಮಟ್ಟಿಗೆ ತೋಟಕ್ಕೆ ಮುಖ್ಯ ಎನಿಸಿದ್ದು ಇನ್ನೊಂದು ಸಂಗತಿ: ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತೆ ಅನ್ನೋದು. ಕಾಫಿ ಗಿಡದ ಸಾಲಲ್ಲಿ ನಿಂತಾಗ ರಾಜಹಕ್ಕಿಯೋ ಮಿಂಚುಳ್ಳಿಯೋ ತಲೆ ಪಕ್ಕದ ಕೊಂಬೆಗೇ ಬಂದು ಕೂರುತ್ತೆ. ನಿಕಾನ್ 200-500 ಮತ್ತು ಟ್ಯಾಮ್ರಾನ್ ಜಿ2 ಎರಡೂ 2.2 ಮೀಟರಿಗೆ ಫೋಕಸ್ ಮಾಡ್ತವೆ, ಸಿಗ್ಮಾ ಕಾಂಟೆಂಪರರಿಗೆ 2.8 ಬೇಕು. ಅರ್ಧ ಮೀಟರ್ ಏನು ಮಹಾ ಅನಿಸಬಹುದು. ಇಕ್ಕಟ್ಟಾದ ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಇಟ್ಟರೆ ಒಣಗಿದ ಸಿಲ್ವರ್ ಓಕ್ ಎಲೆ ಸದ್ದಾಗುತ್ತೆ, ಹಕ್ಕಿ ಹೋಗುತ್ತೆ.

ಸಿದ್ದಾಪುರ ತೋಟ

ಈ 78 ಸೆಂಟಿಮೀಟರ್ ಲೆಕ್ಕ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ ಆಯ್ತು ಸರ್. ತೂಕದ ಬಗ್ಗೆ ಹೇಳ್ತೀರಾ? ನಮ್ಮ ತೋಟ ಇಳಿಜಾರು, ಹತ್ತಿ ಇಳಿಯೋದು ಜಾಸ್ತಿ.

ಕಕ್ಕಬ್ಬೆ ಮಂಗಟ್ಟೆ

ಸಿಗ್ಮಾ ಕಾಂಟೆಂಪರರಿ 1930 ಗ್ರಾಂ. ಟ್ಯಾಮ್ರಾನ್ ಜಿ2 ಹತ್ತಿರ ಹತ್ತಿರ 2 ಕೆಜಿ. ನಿಕಾನ್ ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಕೂರಿಸೋ ಬಳೆ) ಸೇರಿ 2300. ಡಿ7500 ಬ್ಯಾಟರಿ ಸಮೇತ 720. ಯಾವುದು ತಗೊಂಡರೂ ಎರಡೂವರೆ ಕೆಜಿಯಿಂದ 3 ಕೆಜಿ ಕೈಯಲ್ಲಿ ಇರುತ್ತೆ. ಸಿಗ್ಮಾದಲ್ಲೇ ಸ್ಪೋರ್ಟ್ಸ್ ಅಂತ ಇನ್ನೊಂದಿದೆ, ಅದು 2860 ಗ್ರಾಂ. ಇಳಿಜಾರಿಗೆ ಅದನ್ನು ನಾನು ಹೇಳಲ್ಲ.

ಕುತ್ತಿಗೆಗೆ ಹಾಕೋ ಪಟ್ಟಿ ಬೇಡ. ಟ್ರೈಪಾಡ್ ಕಾಲರಿಗೆ ಸಿಕ್ಕಿಸಿ ಭುಜದಿಂದ ಅಡ್ಡ ಬರೋ ಪಟ್ಟಿ ತಗೊಳ್ಳಿ. ಲೆನ್ಸ್ ಕೆಳಮುಖ ನೇತಾಡುವಾಗ ಜೂಮ್ ತಾನಾಗೇ ಉದ್ದ ಇಳಿಯದ ಹಾಗೆ ಲಾಕ್ ಹಾಕಿಡಿ.

ಕುಶಾಲನಗರ ಮೌಂಟ್

ನಾನು ಸ್ವಲ್ಪ ಉದ್ದ ಬರೀತೀನಿ, ಯಾಕಂದರೆ "ಥರ್ಡ್ ಪಾರ್ಟಿ (ಕ್ಯಾಮೆರಾ ಕಂಪನಿಯದಲ್ಲದ) ಲೆನ್ಸ್ ಒಳ್ಳೆಯದಾ" ಅನ್ನೋ ಪ್ರಶ್ನೆಗೆ ಎಲ್ಲ ಕ್ಯಾಮೆರಾಗೂ ಒಂದೇ ಉತ್ತರ ಇಲ್ಲ. ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಕೂರೋ ಜೋಡಣೆ, ಯಾವುದು ಅನ್ನೋದರ ಮೇಲೆ ಪೂರ್ತಿ ಬದಲಾಗುತ್ತೆ. ಇದನ್ನು ಓದುವ ಬೇರೆಯವರಿಗೂ ಉಪಯೋಗ ಆಗಲಿ.

ಸೋನಿ ತನ್ನ ಇ ಮೌಂಟಿನ ಮೂಲ ವಿವರಗಳನ್ನು 2011ರಲ್ಲೇ ಬೇರೆ ಲೆನ್ಸ್ ಕಂಪನಿಗಳಿಗೆ ಶುಲ್ಕವಿಲ್ಲದೆ ತೆರೆದಿಟ್ಟಿತು. ಸಾಲದ್ದಕ್ಕೆ ಟ್ಯಾಮ್ರಾನ್‌ನಲ್ಲಿ ಸೋನಿಯ ಪಾಲೂ ಇದೆ. ಹಾಗಾಗಿ ಸೋನಿ ಇರೋರಿಗೆ ಥರ್ಡ್ ಪಾರ್ಟಿ ಲೆನ್ಸ್ ಅನ್ನೋದು ಭಯಪಡೋ ವಿಷಯವೇ ಅಲ್ಲ. ಆದರೆ ಎರಡು ಮಿತಿ ನೆನಪಿಡಿ: ಸೋನಿ ಬಾಡಿ ಥರ್ಡ್ ಪಾರ್ಟಿ ಲೆನ್ಸಿನಲ್ಲಿ ಸೆಕೆಂಡಿಗೆ 15 ಫ್ರೇಮ್ ಮೀರಲ್ಲ, ಮತ್ತು ಆ ಲೆನ್ಸುಗಳಿಗೆ ಟೆಲಿಕನ್ವರ್ಟರ್ (ಜೂಮ್ ಹೆಚ್ಚಿಸೋಕೆ ನಡುವೆ ಸೇರಿಸೋ ಗಾಜು) ಹಾಕೋಕೆ ಬರಲ್ಲ.

ಕ್ಯಾನನ್ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾಗಳ ಆರ್‌ಎಫ್ ಮೌಂಟ್ ಇದಕ್ಕೆ ತದ್ವಿರುದ್ಧ. 2018ರಲ್ಲಿ ಮೌಂಟ್ ಬಂತು, ವರ್ಷಗಟ್ಟಲೆ ಬಾಗಿಲು ಮುಚ್ಚಿಯೇ ಇತ್ತು. 2022ರಲ್ಲಿ ವಿಲ್ಟ್ರಾಕ್ಸ್ ಅನ್ನೋ ಲೆನ್ಸ್ ಕಂಪನಿ ತನ್ನ ಆಟೋಫೋಕಸ್ ಆರ್‌ಎಫ್ ಲೆನ್ಸುಗಳ ಮಾರಾಟ ನಿಲ್ಲಿಸಬೇಕಾಯ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಎರಡಕ್ಕೂ ಪರವಾನಗಿ ಸಿಕ್ಕಿತು, ಆದರೆ ಬಂದಿದ್ದು ಎಪಿಎಸ್-ಸಿ (ಸಣ್ಣ ಸೆನ್ಸರ್ ಬಾಡಿಯ) ಲೆನ್ಸುಗಳು. 150-600 ಥರದ ದೊಡ್ಡ ಜೂಮ್ ಆ ಪಟ್ಟಿಯಲ್ಲಿ ಬಂದಿಲ್ಲ. ಹಾಗಾಗಿ ಕ್ಯಾನನ್ ಮಿರರ್‌ಲೆಸ್‌ನವರಿಗೆ ಒಂದೋ ಕ್ಯಾನನ್ನದೇ ಲೆನ್ಸ್, ಇಲ್ಲವೇ ಹಳೆ ಇಎಫ್ ಲೆನ್ಸ್ ಜೊತೆ ಅಡಾಪ್ಟರ್.

ನಿಕಾನ್ ಮಿರರ್‌ಲೆಸ್‌ನ ಜೆಡ್ ಮೌಂಟ್ ಇವೆರಡರ ನಡುವೆ ಇದೆ. 2022ರಿಂದ ಟ್ಯಾಮ್ರಾನ್ ಪರವಾನಗಿ ಪಡೆದು ಜೆಡ್ ಲೆನ್ಸ್ ಮಾಡ್ತಿದೆ, 2023ರಲ್ಲಿ 150-500 ಕೂಡ ಜೆಡ್‌ಗೆ ಬಂತು. ಅದೇ ವರ್ಷ ನಿಕಾನ್ ತನ್ನದೇ 180-600 ಬಿಟ್ಟಿತು.

ಈಗ ಸಿದ್ದಾಪುರದ ಅಕ್ಕನ ವಿಷಯ. ನಿಮ್ಮದು ನಿಕಾನ್ ಡಿಎಸ್‌ಎಲ್‌ಆರ್‌ನ ಎಫ್ ಮೌಂಟ್. ಇಲ್ಲಿ ಸಿಗ್ಮಾ, ಟ್ಯಾಮ್ರಾನ್ ದಶಕಗಳಿಂದ ಲೆನ್ಸ್ ಮಾಡಿಕೊಂಡು ಬಂದಿದ್ದಾರೆ. ಡಿ7500 2017ರ ಬಾಡಿ, ಇನ್ನು ಅದಕ್ಕೆ ದೊಡ್ಡ ಬದಲಾವಣೆ ಏನೂ ಬರಲ್ಲ, ಹಾಗಾಗಿ ಇವತ್ತು ಸರಿಯಾಗಿ ನಡೆಯೋ ಲೆನ್ಸ್ ನಾಳೆಯೂ ನಡೆಯುತ್ತೆ. ಪ್ರಶ್ನೆ ಬರೋದು ಮುಂದೆ ನೀವು ಜೆಡ್ ಬಾಡಿಗೆ ಹೋದಾಗ. ಎಫ್ ಲೆನ್ಸನ್ನು ಜೆಡ್ ಬಾಡಿಗೆ ಕೂರಿಸೋ ಎಫ್‌ಟಿಜೆಡ್ ಅಡಾಪ್ಟರ್ ಮೇಲೆ ನಿಕಾನ್ 200-500 ಯಾವ ತಕರಾರೂ ಇಲ್ಲದೆ ನಡೆಯುತ್ತೆ. ಸಿಗ್ಮಾ ಕಾಂಟೆಂಪರರಿ, ಟ್ಯಾಮ್ರಾನ್ ಜಿ2 ಕೂಡ ನಡೆಯುತ್ತವೆ, ಆದರೆ ಲೆನ್ಸಿನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದಿರಬೇಕು. ಅದಕ್ಕೆ ಸಿಗ್ಮಾದ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ನ ಟ್ಯಾಪ್-ಇನ್ ಕನ್ಸೋಲ್ ಬೇಕು. ಆ ಖರ್ಚನ್ನೂ ಬೆಲೆಯ ಜೊತೆ ಕೂಡಿಸಿ ನೋಡಿ.

ಗೋಣಿಕೊಪ್ಪ ಸ್ಟುಡಿಯೋ

ಇದೇ ನಾನು ಹೇಳಿದ್ದು. ಫರ್ಮ್‌ವೇರ್, ಡಾಕ್, ಕನ್ಸೋಲ್, ಇಷ್ಟೆಲ್ಲ ತಲೆಬಿಸಿ ಯಾಕೆ? ತಯಾರಕರು ಬಾಡಿಯ ಭಾಷೆಯನ್ನು ಹೊರಗಿನವರಿಗೆ ಪೂರ್ತಿ ಕೊಡದೇ ಇದ್ದಾಗ ಥರ್ಡ್ ಪಾರ್ಟಿಯವರು ಅದನ್ನು ತಾವೇ ಬಿಡಿಸಿಕೊಂಡು ಲೆನ್ಸ್ ಮಾಡಿದರು. ಹೊಸ ಬಾಡಿ ಬಂದಾಗ ಹಳೆ ಲೆನ್ಸ್ ತಡವರಿಸಿದ್ದು ಎಷ್ಟು ಸಲ ನೋಡಿಲ್ಲ?

ಕುಶಾಲನಗರ ಮೌಂಟ್

ಅಣ್ಣ, ಅದು ನಿಜ, ಮುಚ್ಚಿಡಲ್ಲ. ಅಡಾಪ್ಟರ್ ಮೇಲೆ ಹಳೆ ಥರ್ಡ್ ಪಾರ್ಟಿ ಲೆನ್ಸ್ ಎಲ್ಲ ಬಾಡಿಯಲ್ಲೂ ಒಂದೇ ಥರ ನಡೆಯಲ್ಲ. ಆದರೆ ಡಾಕ್ ತಲೆಬಿಸಿ ಅಲ್ಲ, ಅದೊಂದು ಅನುಕೂಲ. ಡಿ7500ರ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸ್ ಹಿಂದೆ ಮುಂದೆ ಬೀಳೋದನ್ನು ತಿದ್ದೋದು) ಮಾಡಿದರೆ ಒಂದು ಲೆನ್ಸಿಗೆ ಒಂದೇ ಅಂಕ. 200ರಲ್ಲಿ ಸರಿ ಮಾಡಿದರೆ 500ರಲ್ಲಿ ತಪ್ಪಬಹುದು. ಸಿಗ್ಮಾ ಡಾಕಿನಲ್ಲಿ ನಾಲ್ಕು ಫೋಕಲ್ ಲೆಂತ್, ಪ್ರತಿಯೊಂದಕ್ಕೂ ನಾಲ್ಕು ದೂರ, ಹೀಗೆ 16 ಕಡೆ ಬೇರೆ ಬೇರೆ ತಿದ್ದಬಹುದು. ನಿಕಾನ್ ಲೆನ್ಸಿಗೆ ಮನೆಯಲ್ಲೇ ಅಂಥದ್ದು ಮಾಡೋಕೆ ಆಗಲ್ಲ.

ಸೋಮವಾರಪೇಟೆ ಆರ್10

ನಡುವೆ ಬರ್ತಿದ್ದೀನಿ, ಕ್ಷಮಿಸಿ. ನನ್ನದು ಕ್ಯಾನನ್ ಆರ್10. ಮೇಲೆ ಓದಿದ ಮೇಲೆ ಆರ್‌ಎಫ್ 100-400 ಬಿಟ್ಟು ಬೇರೆ ದಾರಿ ಇಲ್ಲ ಅನಿಸ್ತಿದೆ. ಬರೀ 635 ಗ್ರಾಂ ಅನ್ನೋದು ಇಷ್ಟ ಆಯ್ತು. ಪುಷ್ಪಗಿರಿ ಕಡೆ ಕಾಡಿನೊಳಗೆ ನಡೆಯುತ್ತಾ?

ಕಕ್ಕಬ್ಬೆ ಮಂಗಟ್ಟೆ

400ರ ತುದಿಯಲ್ಲಿ ಅದು ಎಫ್ 8. ಪುಷ್ಪಗಿರಿಯ ದಟ್ಟ ನೆರಳಲ್ಲಿ ಬೆಳಗ್ಗೆ ಎಂಟಕ್ಕೆ ಐಎಸ್‌ಒ 6400 ದಾಟಿಸ್ತೀರಿ. ತೆರೆದ ಜಾಗದಲ್ಲಿ, ಹಾರಂಗಿ ಹಿನ್ನೀರಲ್ಲಿ, ಮಂಡಲಪಟ್ಟಿಯ ಹುಲ್ಲುಗಾವಲಲ್ಲಿ ಅದರಷ್ಟು ಹಗುರ, ಚುರುಕು ಲೆನ್ಸ್ ಆ ಬೆಲೆಗೆ ಇಲ್ಲ. ನೀರು ತಡೆಯೋ ಸೀಲಿಂಗ್ ಇಲ್ಲ, ಮಳೆಗೆ ಹೊರಗೆ ತೆಗೀಬೇಡಿ. ದುಡ್ಡು ಇದ್ದರೆ ಸೆಕೆಂಡ್ ಹ್ಯಾಂಡ್ ಇಎಫ್ 100-400 ಎರಡನೇ ಆವೃತ್ತಿ ಹುಡುಕಿ. 2014ರ ಲೆನ್ಸ್, ಕ್ಯಾನನ್ನಿನ ಅಡಾಪ್ಟರ್ ಮೇಲೆ ಚೆನ್ನಾಗಿ ನಡೆಯುತ್ತೆ, ಒಂದು ಮೀಟರಿಗಿಂತ ಸ್ವಲ್ಪ ಹತ್ತಿರದಿಂದಲೇ ಫೋಕಸ್ ಆಗುತ್ತೆ. ಚಿಟ್ಟೆಗೂ ಅದೇ ಸಾಕು.

ಮಡಿಕೇರಿ ಮಂಜು

ನಾನು ಸೋನಿ ಎ6700 ಮೇಲೆ ಟ್ಯಾಮ್ರಾನ್ 150-500 ಬಳಸ್ತೀನಿ. ಕಾಲರ್ ತೆಗೆದರೆ 1725 ಗ್ರಾಂ. ಸೋನಿಯ 200-600 ಕಾಲರ್ ಇಲ್ಲದೆ 2115. ಮೇಲೆ ಹೇಳಿದ 15 ಫ್ರೇಮಿನ ಮಿತಿ ನನಗೆ ತಟ್ಟೋದೇ ಇಲ್ಲ, ಯಾಕಂದರೆ ನನ್ನ ಬಾಡಿ ಹೊಡೆಯೋದೇ ಸೆಕೆಂಡಿಗೆ 11. ಕಣ್ಣಿನ ಮೇಲೆ ಫೋಕಸ್ ಕೂರೋದರಲ್ಲಿ ನನಗೆ ಕೊರತೆ ಕಂಡಿಲ್ಲ.

ಆದರೂ ಮತ್ತೆ ತಗೊಳ್ಳೋ ಹಾಗಿದ್ದರೆ 200-600 ಬಗ್ಗೆ ಯೋಚನೆ ಮಾಡ್ತೀನಿ, ಕಾರಣ ಹೆಸರಲ್ಲ, ಜೂಮ್ ಒಳಗೇ ಆಗೋದು. ಮಡಿಕೇರಿಯ ಮಂಜಲ್ಲಿ ಜೂಮ್ ಹೊರಗೆ ಚಾಚಿ ಒಳಗೆ ಎಳೆದಾಗಲೆಲ್ಲ ಆ ಕೊಳವೆ ಮೇಲೆ ಕೂತ ಹನಿ, ತೇವದ ಗಾಳಿ ಒಳಗೆ ಹೋಗುತ್ತೆ. ನಾನು ಪ್ರತಿ ಸಲ ಬಟ್ಟೆಯಿಂದ ಒರೆಸಿಯೇ ಒಳಗೆ ಎಳೆಯೋದು. ಉದ್ದ ಬದಲಾಗದ ಲೆನ್ಸಲ್ಲಿ ಈ ಕೆಲಸ ಇಲ್ಲ, ತೂಕದ ಸಮತೋಲನವೂ ಅಲ್ಲಾಡಲ್ಲ.

ಸಿದ್ದಾಪುರ ತೋಟ

ನಾನು ನೋಡಿರೋ ಮೂರರಲ್ಲಿ ಒಳಗೇ ಜೂಮ್ ಆಗೋದು ಯಾವುದು?

ಕುಶಾಲನಗರ ಮೌಂಟ್

ಯಾವುದೂ ಇಲ್ಲ ಅಕ್ಕ. ಮೂರೂ ಚಾಚುತ್ತವೆ. ಇನ್ನೊಂದು ವಿಷಯ, ಒರಿಜಿನಲ್ ಅಂದ ತಕ್ಷಣ ಮಳೆ ತಡೆಯುತ್ತೆ ಅಂತ ಅಂದುಕೊಳ್ಳಬೇಡಿ. 200-500 ಪೂರ್ತಿ ಸೀಲ್ ಆದ ಲೆನ್ಸ್ ಅಲ್ಲ. ಸಿಗ್ಮಾ ಕಾಂಟೆಂಪರರಿಗೂ ಮೌಂಟಿನ ಹತ್ತಿರ ಮಾತ್ರ ರಬ್ಬರ್. ಈ ಮೂರರಲ್ಲಿ ತೇವಕ್ಕೆ ಹೆಚ್ಚು ರಕ್ಷಣೆ ಇರೋದು ಟ್ಯಾಮ್ರಾನ್ ಜಿ2ಗೆ. ಮುಂದಿನ ಗಾಜಿಗೆ ಫ್ಲೋರಿನ್ ಲೇಪನವೂ ಇದೆ, ಹನಿ ಜಾರಿ ಹೋಗುತ್ತೆ. ಹಾಗಂತ ನಮ್ಮ ಜುಲೈ ಮಳೆಗೆ ಒಡ್ಡಬೇಡಿ.

ನಾಪೋಕ್ಲು ಮೇಷ್ಟ್ರು

ಎಲ್ಲರೂ ಕೊಳ್ಳುವ ಬಗ್ಗೆ ಬರೆದಿದ್ದೀರಿ. ಕೊಂಡ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಎಲ್ಲಿಡುತ್ತೀರಿ ಎಂಬುದನ್ನು ನಾನು ಕೇಳುತ್ತೇನೆ. ಕೊಡಗಿನಲ್ಲಿ ಲೆನ್ಸ್ ಹಾಳಾಗುವುದು ಬಿದ್ದು ಅಲ್ಲ, ಫಂಗಸ್ ಹಿಡಿದು. ಸಿಗ್ಮಾ ಗಾಜು, ನಿಕಾನ್ ಗಾಜು ಎಂದು ಫಂಗಸ್ ಭೇದ ಮಾಡುವುದಿಲ್ಲ. ವಾರಂಟಿಯಲ್ಲಿ ಸಾಮಾನ್ಯವಾಗಿ ಅದು ಸೇರುವುದೂ ಇಲ್ಲ, ಕಾರ್ಡಿನ ಷರತ್ತುಗಳನ್ನು ಓದಿಕೊಳ್ಳಿ.

ಗಾಳಿಯ ತೇವಾಂಶ ಶೇಕಡಾ 60–70ರ ಮೇಲೆ ದಿನಗಟ್ಟಲೆ ನಿಂತರೆ ಫಂಗಸ್ ಬೆಳೆಯುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಮನೆಯೊಳಗೂ ಅದಕ್ಕಿಂತ ಕಡಿಮೆ ಇರುವ ದಿನ ಅಪರೂಪ. ಲೆನ್ಸ್ ಇಡುವ ಜಾಗದಲ್ಲಿ 40ರಿಂದ 50 ಇರಬೇಕು. ತೀರಾ ಒಣಗಿಸಿದರೂ ರಬ್ಬರಿಗೂ ಒಳಗಿನ ಎಣ್ಣೆಗೂ ಒಳ್ಳೆಯದಲ್ಲ. ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ. ಆದರೆ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಎಷ್ಟು ದಿನ ಕರೆಂಟ್ ಇರುವುದಿಲ್ಲ ಎಂಬುದು ನಿಮಗೇ ಗೊತ್ತು. ಆದ್ದರಿಂದ ರಬ್ಬರ್ ಅಂಚಿನ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬವೂ ಇರಲಿ. ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ, ಅಡುಗೆಯ ಬಾಣಲೆ ಬಳಸಲೇಬಾರದು. ಕಿತ್ತಳೆ ಬಣ್ಣದ ಹರಳು ಸಿಕ್ಕರೆ ಅದನ್ನೇ ಕೊಳ್ಳಿ.

ಕ್ಯಾಮೆರಾ ಬ್ಯಾಗಿನಲ್ಲೇ ಬಿಡಬೇಡಿ. ಬ್ಯಾಗಿನ ಸ್ಪಂಜು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಿರುತ್ತದೆ ಎಂದು ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ, ಹೊಗೆ ಗಾಜಿನ ಮೇಲೆ ಕೂರುತ್ತದೆ. ಬಿಸಿಲು ಬಿದ್ದ ದಿನ ಹೊರಗೆ ತೆಗೆದು ಬಳಸಿ. ಕೆಲಸ ಮಾಡುತ್ತಿರುವ ಲೆನ್ಸಿಗೆ ಫಂಗಸ್ ಬರುವುದು ಕಡಿಮೆ.

ಸಿದ್ದಾಪುರ ತೋಟ

ಮೇಷ್ಟ್ರೇ, ಇದನ್ನು ಬರೆದಿಟ್ಟುಕೊಂಡೆ. ನಮ್ಮಲ್ಲೂ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಸ್ಟು ಬರುತ್ತೆ. ಲೆನ್ಸಿನ ಬಜೆಟ್ಟಿನಲ್ಲೇ ಡ್ರೈ ಕ್ಯಾಬಿನೆಟ್ಟಿಗೂ ದುಡ್ಡು ಎತ್ತಿಡಬೇಕು ಅಂತಾಯ್ತು. ಹಾಗಾದರೆ ಸೆಕೆಂಡ್ ಹ್ಯಾಂಡ್ ಕಡೆ ನೋಡಬೇಕಾಗುತ್ತೇನೋ.

ವಿರಾಜಪೇಟೆ ರಿಪೇರಿ

ನಾನು ಲೆನ್ಸ್ ಬಿಚ್ಚೋ ಕೆಲಸದವನು. ಸೆಕೆಂಡ್ ಹ್ಯಾಂಡ್ ನೋಡುವಾಗ ಹೀಗೆ ಮಾಡಿ. ಕತ್ತಲೆ ಕೋಣೆಗೆ ಹೋಗಿ. ಲೆನ್ಸಿನ ಎರಡೂ ಕ್ಯಾಪ್ ತೆಗೆದು, ಮೌಂಟ್ ಕಡೆಯಿಂದ ಸಣ್ಣ ಟಾರ್ಚ್ ಓರೆಯಾಗಿ ಹಿಡಿದು, ಮುಂದಿನ ಗಾಜಿಂದ ಒಳಗೆ ನೋಡಿ. ಬೆಳಕನ್ನು ನಿಧಾನ ತಿರುಗಿಸಿ. ಧೂಳು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತೆ, ಅದಕ್ಕೆ ಹೆದರಬೇಡಿ. ಫಂಗಸ್ ಆದರೆ ಗಾಜಿನ ಅಂಚಿನಿಂದ ನಡುವಿಗೆ ಕವಲೊಡೆದ ಬಿಳಿ ಎಳೆಗಳು ಹೊರಟಿರುತ್ತವೆ. ಇಡೀ ಗಾಜು ಹಾಲು ಕದಡಿದ ಹಾಗೆ ಮಸುಕಾಗಿದ್ದರೆ ಹೇಝ್. ಎಳೆ ಶುರುವಾಗಿದ್ದರೆ ಒರೆಸಿ ತೆಗೀಬಹುದು, ಆದರೆ ಲೇಪನ ತಿಂದಿದ್ದರೆ ಗುರುತು ಹೋಗಲ್ಲ. ಅಂಥದ್ದು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಆಮೇಲೆ ಲೆನ್ಸ್ ಕೆಳಮುಖ ಹಿಡಿದು ಜೂಮ್ ಲಾಕ್ ಹಾಕಿ ತೆಗೆದು ನೋಡಿ. ಪೂರ್ತಿ ಚಾಚಿದಾಗ ಮುಂದಿನ ಕೊಳವೆ ಅಲ್ಲಾಡ್ತಿದೆಯಾ ಕೈಯಿಂದ ಮೆಲ್ಲಗೆ ಆಡಿಸಿ ನೋಡಿ. ಸ್ವಲ್ಪ ಸಡಿಲ ಎಲ್ಲದರಲ್ಲೂ ಇರುತ್ತೆ, ಕಟಕಟ ಅನ್ನಬಾರದು. ಶಟರ್ ಅರ್ಧ ಒತ್ತಿ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸೋ ಭಾಗ) ಸದ್ದು ಕೇಳಿ. ನಿಮ್ಮದೇ ಬಾಡಿ ತಗೊಂಡು ಹೋಗಿ. ಬಿಲ್ಲು, ಭಾರತದ ವಾರಂಟಿ ಕಾರ್ಡು ಎರಡೂ ಕೇಳಿ, ಸೀರಿಯಲ್ ನಂಬರ್ ಲೆನ್ಸಿನ ಜೊತೆ ತಾಳೆ ನೋಡಿ. ಹೊರದೇಶದಿಂದ ಹಾಗೇ ಬಂದ ಪೀಸ್ ಆದರೆ ಇಲ್ಲಿ ವಾರಂಟಿ ಸಿಗಲ್ಲ. ಆಗ ಬೆಲೆ ಅದಕ್ಕೆ ತಕ್ಕ ಹಾಗೆ ಕಡಿಮೆ ಇರಬೇಕು.

ಬ್ರ್ಯಾಂಡ್ ವಾದಕ್ಕೆ ನನ್ನ ಮಾತು ಇಷ್ಟೇ: ರಿಪೇರಿಗೆ ಕೊಡಗಿನಿಂದ ಯಾವ ಲೆನ್ಸ್ ಆದರೂ ಬೆಂಗಳೂರಿಗೇ ಹೋಗಬೇಕು. ಬಿಡಿಭಾಗ ಬೇಗ ಸಿಗೋದು ಹೆಚ್ಚು ಮಾರಾಟವಾದ ಮಾಡೆಲ್ಲಿಗೆ. ನೀವು ನೋಡ್ತಿರೋ ಮೂರೂ ಹಾಗೆ ಹೆಚ್ಚು ಮಾರಾಟವಾದವೇ.

ಗೋಣಿಕೊಪ್ಪ ಸ್ಟುಡಿಯೋ

ರಿಪೇರಿ ಅಣ್ಣನ ಮಾತು ಒಪ್ಪಿದೆ. ನನಗೂ ಒಂದು ಸಲ ಲೆನ್ಸ್ ಸರ್ವಿಸ್‌ಗೆ ಕಳಿಸಿ ಸೀಸನ್ ಪೂರ್ತಿ ಕಾಯಬೇಕಾಗಿ ಬಂತು, ಅದು ಬ್ರ್ಯಾಂಡ್ ಲೆನ್ಸೇ.

ಹಾಕಿ ಪಂದ್ಯದ ಫೋಟೋ ತೆಗೆಯೋರಿಗೆ ಒಂದು ಮಾತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಈಗ ಊರಿಂದೂರಿಗೆ ದೊಡ್ಡ ಹಬ್ಬ. ಏಪ್ರಿಲ್–ಮೇ ತಿಂಗಳು, ಮಧ್ಯಾಹ್ನ ಬಿಸಿಲು, ನಾಲ್ಕು ಗಂಟೆಗೆ ಮೋಡ ಕವಿದು ಕತ್ತಲೆ. ಮೈದಾನದ ಉದ್ದ 91.4 ಮೀಟರ್. 150-600 ಇಟ್ಟುಕೊಂಡರೆ ಗೋಲಿನ ಮುಂದಿನ ಹತ್ತಿರದ ಡಿ ಗೆರೆ ಒಳಗೆ ಆಟ ಬಂದಾಗ ಏನೂ ಸಿಗಲ್ಲ, ಮೋಡ ಕವಿದರೆ ಬೆಳಕೂ ಸಾಲಲ್ಲ. ಅಲ್ಲಿಗೆ 70-200 ಎಫ್ 2.8 ಬೇಕು. ಇಲ್ಲಿ ಮಾತ್ರ ಥರ್ಡ್ ಪಾರ್ಟಿಯನ್ನು ನಾನೇ ಹೇಳ್ತೀನಿ. ಸೋನಿ ಇರೋ ನನ್ನ ಹುಡುಗರು ಸಿಗ್ಮಾ 70-200 2.8 ಸ್ಪೋರ್ಟ್ಸ್ ಬಳಸ್ತಾರೆ, 2023ರ ಲೆನ್ಸ್, 1335 ಗ್ರಾಂ. ಸೋನಿಯದ್ದು 1045 ಗ್ರಾಂ, ಕೈಗೆ ಹಗುರ, ಜೇಬಿಗೆ ಭಾರ. ಪತ್ರಿಕೆಗೆ ಹೋಗೋ ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ.

ಕುಟ್ಟ ಗೇಟ್

ನಾಣಚ್ಚಿ ಗೇಟಿನಿಂದ ನಾಗರಹೊಳೆ ಸಫಾರಿಗೆ ಹೋಗೋರಿಗೆ: ಜೀಪಲ್ಲಿ, ಬಸ್ಸಲ್ಲಿ ಟ್ರೈಪಾಡಿಗೆ ಜಾಗ ಇಲ್ಲ. ಗಟ್ಟಿ ಬಟ್ಟೆ ಚೀಲಕ್ಕೆ ಒಣ ಭತ್ತ ತುಂಬಿ ಕಿಟಕಿ ಮೇಲೆ ಇಟ್ಟು ಅದರ ಮೇಲೆ ಲೆನ್ಸ್ ಇಡಿ. ಇಂಜಿನ್ ಆಫ್ ಮಾಡಿದ ಮೇಲೆ ಹೊಡೆಯಿರಿ. ಆನೆ ರಸ್ತೆ ಪಕ್ಕವೇ ಸಿಕ್ಕರೆ 200ರಿಂದ ಶುರುವಾಗೋ ಲೆನ್ಸಲ್ಲಿ ಬರೀ ಕಿವಿ ಸಿಗುತ್ತೆ, 150 ಅಲ್ಲಿ ಉಪಯೋಗಕ್ಕೆ ಬರುತ್ತೆ.

ಇನ್ನೊಂದು ಮಾತು, ಇದು ನನಗೆ ಲೆನ್ಸಿಗಿಂತ ಮುಖ್ಯ. ತೋಟದಲ್ಲಿ ಆನೆ ಇದೆ ಅಂತ ಗೊತ್ತಾದಾಗ 600 ಇದೆ ಅಂತ ಹತ್ತಿರ ಹೋಗಬೇಡಿ. ಗಿಡದ ನಡುವೆ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣಲ್ಲ. ಮಂಗಟ್ಟೆ ಗೂಡು ಸಿಕ್ಕರೆ ಜಾಗ ಯಾರಿಗೂ ಹೇಳಬೇಡಿ, ಫೋಟೋದಿಂದ ಲೊಕೇಶನ್ ತೆಗೆಯಿರಿ. ಹೆಣ್ಣು ಪೊಟರೆಯೊಳಗೆ ಬಾಗಿಲು ಮೆತ್ತಿಕೊಂಡು ಕೂತಿರುತ್ತೆ, ಹೊರಗಿಂದ ಗಂಡು ತಂದು ಕೊಡೋ ಹಣ್ಣೇ ಅದಕ್ಕೆ, ಮರಿಗೆ ಆಧಾರ. ನಾವು ಮರದ ಕೆಳಗೆ ನಿಂತರೆ ಗಂಡು ಬರಲ್ಲ.

ಕಕ್ಕಬ್ಬೆ ಮಂಗಟ್ಟೆ

ಇದನ್ನು ಎಲ್ಲರೂ ಎರಡು ಸಲ ಓದಿ. ದೊಡ್ಡ ಲೆನ್ಸ್ ಕೊಳ್ಳೋದೇ ದೂರ ನಿಲ್ಲೋಕೆ.

ಸಿದ್ದಾಪುರದವರೇ, ಕೊನೆಗೆ ಕೈಯಲ್ಲಿ ಹಿಡಿಯದೆ ತೀರ್ಮಾನ ಮಾಡಬೇಡಿ. ಮೈಸೂರಲ್ಲೋ ಬೆಂಗಳೂರಲ್ಲೋ ಬಾಡಿಗೆಗೆ ಸಿಗುತ್ತವೆ. ಎರಡು ಲೆನ್ಸ್ ಒಂದೇ ವಾರಾಂತ್ಯ ತಂದು ಅದೇ ಅತ್ತಿಮರಕ್ಕೆ ಹಿಡಿಯಿರಿ. ಬೆಳಗ್ಗೆಯೇ ನೋಡಿ. ನಡು ಮಧ್ಯಾಹ್ನ ನೆಲದಿಂದ ಏಳೋ ಝಳದಲ್ಲಿ ಎಷ್ಟು ದುಬಾರಿ ಗಾಜೂ ಮಸುಕಾಗಿ ಕಾಣುತ್ತೆ. ಆಕಾಶ ಹಿಂದಿದ್ದು ಕೊಂಬೆ ಮೇಲೆ ಕಪ್ಪಗೆ ಕೂತ ಹಕ್ಕಿಯನ್ನೇ ಬೇಕಂತ ತೆಗೆಯಿರಿ. ಕೊಂಬೆಯ ಅಂಚಿನಲ್ಲಿ ನೇರಳೆ ಗೆರೆ ಎಷ್ಟು ಬರುತ್ತೆ, ಗರಿಯ ಕಪ್ಪು ಕಪ್ಪಾಗಿಯೇ ಇರುತ್ತಾ ಅನ್ನೋದು ಅಲ್ಲೇ ಗೊತ್ತಾಗೋದು.

ಸಿದ್ದಾಪುರ ತೋಟ

ಎಲ್ಲರಿಗೂ ಮತ್ತೆ ನಮಸ್ಕಾರ. ನಿಕಾನ್ 200-500, ಸಿಗ್ಮಾ 150-600 ಕಾಂಟೆಂಪರರಿ ಎರಡನ್ನೂ ಮೈಸೂರಿಂದ ಬಾಡಿಗೆಗೆ ತಂದು ನೋಡಿದೆ.

ನೆರಳಲ್ಲಿ ಎರಡರ ಫೈಲೂ ನನ್ನ ಕಣ್ಣಿಗೆ ಒಂದೇ. ಆಕಾಶಕ್ಕೆದುರಾಗಿ ತೆಗೆದಾಗ ನಿಕಾನ್ 500ರಲ್ಲಿ ಪೂರ್ತಿ ತೆರೆದೂ ಚೆನ್ನಾಗಿತ್ತು, ಗರಿಗಳು ಬಿಡಿಬಿಡಿಯಾಗಿ ಕಾಣ್ತಿದ್ದವು. ಸಿಗ್ಮಾ 600ರಲ್ಲಿ ಎಫ್ 8ಕ್ಕೆ ಇಳಿಸಿದಾಗ ಅಷ್ಟೇ ಚೆನ್ನಾಗಿ ಬಂತು. ಗಾಜಿನ ಮಟ್ಟಿಗೆ ನಿಕಾನ್ ಒಂದು ಹೆಜ್ಜೆ ಮುಂದೆ ಅಂತಲೇ ನಾನೂ ಹೇಳ್ತೀನಿ. ಆದರೆ ಇಳಿಜಾರು ಹತ್ತಿ ಬಂದು ಕೈ ಎತ್ತಿ ಹಿಡಿದಾಗ ಆ 370 ಗ್ರಾಂ ವ್ಯತ್ಯಾಸ ನನ್ನ ಮಣಿಕಟ್ಟಿಗೆ ಚೆನ್ನಾಗಿ ಗೊತ್ತಾಯ್ತು. ನಿಕಾನ್ ಜೂಮ್ ರಿಂಗ್ 200ರಿಂದ 500ಕ್ಕೆ ತುಂಬ ತಿರುಗಿಸಬೇಕು, ನಡುವೆ ಕೈ ಬದಲಿಸಬೇಕಾಗ್ತಿತ್ತು. ಸಿಗ್ಮಾದಲ್ಲಿ ಮುಂದಿನ ಭಾಗ ಹಿಡಿದು ಎಳೆದರೂ ಜೂಮ್ ಆಗುತ್ತೆ, ಭೀಮರಾಜ ಹಾರಿ ಪಕ್ಕದ ಕೊಂಬೆಗೆ ಬಂದಾಗ ಅದರಿಂದಲೇ ಸಿಕ್ಕಿದ್ದು.

ಸಿಗ್ಮಾ ತಗೊಂಡೆ, ಹೊಸದು, ಬಿಲ್ಲು ವಾರಂಟಿ ಸಮೇತ. ಉಳಿದ ದುಡ್ಡಲ್ಲಿ ಡ್ರೈ ಕ್ಯಾಬಿನೆಟ್, ಯುಎಸ್‌ಬಿ ಡಾಕ್. ಟ್ಯಾಮ್ರಾನ್ ಬಾಡಿಗೆಗೆ ಸಿಗಲಿಲ್ಲ, ಅದಕ್ಕೇ ಅದರ ಬಗ್ಗೆ ಏನೂ ಹೇಳಲ್ಲ.

ಈಗ ಒಂದು ಪ್ರಶ್ನೆ. ಡಾಕಿನಲ್ಲಿ ಆ 16 ಕಡೆ ತಿದ್ದೋದು ಎಲ್ಲಿಂದ ಶುರು ಮಾಡಲಿ?

ಕುಶಾಲನಗರ ಮೌಂಟ್

ಅಭಿನಂದನೆ ಅಕ್ಕ. ಮೊದಲು ಫರ್ಮ್‌ವೇರ್ ಹೊಸದು ಹಾಕಿ. 16ನ್ನೂ ಒಂದೇ ದಿನ ಮುಟ್ಟೋಕೆ ಹೋಗಬೇಡಿ. ನೀವು ಹೆಚ್ಚು ಬಳಸೋದು 600, ಅಲ್ಲಿಂದ ಶುರು ಮಾಡಿ. ಗಾಳಿ ಇಲ್ಲದ ಬೆಳಗ್ಗೆ, ಗಟ್ಟಿ ಟ್ರೈಪಾಡ್ ಮೇಲೆ, ಸ್ಟೆಬಿಲೈಸರ್ ಆಫ್ ಮಾಡಿ. ದಿನಪತ್ರಿಕೆ ಹಾಳೆ ಹಲಗೆಗೆ ಅಂಟಿಸಿ ಕ್ಯಾಮೆರಾಗೆ ನೇರ ನಿಲ್ಲಿಸಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಓರೆಯಾಗಿ ಇಡಿ. ನಡುವಿನ ಒಂದೇ ಫೋಕಸ್ ಪಾಯಿಂಟ್, ಎಫ್ 6.3. ಪ್ರತಿ ಸಲ ಫೋಕಸನ್ನು ಬೇಕಂತ ಕೆಡಿಸಿ ಮತ್ತೆ ಹಿಡಿಸಿ, ಕೆಲವು ಫೋಟೋ ತೆಗೆಯಿರಿ. ಆಮೇಲೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಒಂದು ತೆಗೆದು ಅದರ ಜೊತೆ ಹೋಲಿಸಿ. ಅಲ್ಲಿ ಸೆನ್ಸರಿನ ಮೇಲೇ ಫೋಕಸ್ ಆಗೋದರಿಂದ ಅದು ಸರಿ ಅಂತ ಇಟ್ಟುಕೊಳ್ಳಿ. ಎರಡೂ ಒಂದೇ ಥರ ಇದ್ದರೆ ಏನನ್ನೂ ಮುಟ್ಟಬೇಡಿ. ವ್ಯತ್ಯಾಸ ಇದ್ದರೆ ಮಾತ್ರ ಐದೈದು ಅಂಕ ಸರಿಸಿ ನೋಡಿ. ಡಿ7500ರ ಫೈನ್ ಟ್ಯೂನ್ ಸೊನ್ನೆಯಲ್ಲೇ ಇರಲಿ, ಎರಡು ಕಡೆ ತಿದ್ದಿದರೆ ಗೊಂದಲ ಆಗುತ್ತೆ.

ಮುಗಿದ ಮೇಲೆ ಲೆನ್ಸಿನ ಕಸ್ಟಮ್ ಸ್ವಿಚ್ಚಿನ ಸಿ1 ಸ್ಥಾನಕ್ಕೆ ಫೋಕಸ್ ಮಿತಿ 10 ಮೀಟರಿಂದ ಅನಂತ ಅಂತ ಇಡಿ. ಅತ್ತಿಮರದಲ್ಲಿ ಹತ್ತಿರದ ಎಲೆಗೆ ಫೋಕಸ್ ಓಡಿ ಹೋಗೋದು ತಪ್ಪುತ್ತೆ.